ಪಲಾವಿಗೆ ಎಂಟುನೂರು, ಕಾಯಿಗೆ ಚೌಕಾಸಿ

ಸೋಲ್ ನಗರದ ದೊಂಗ್ದೆಮುನ್ ಹತ್ತಿರ ಒಂದು ಗಲ್ಲಿ ಇದೆ. ಮೆಟ್ರೋ ಇಳಿದು ಮೇಲೆ ಬಂದು ಎರಡು ತಿರುವು ದಾಟಿದರೆ ಬೋರ್ಡಿನ ಮೇಲಿನ ಅಕ್ಷರಗಳೇ ಬದಲಾಗಿಬಿಡುತ್ತವೆ. ಕೊರಿಯನ್ ಲಿಪಿಯ ಪಕ್ಕ ರಷ್ಯನ್ ಲಿಪಿ. ಮಂಗೋಲಿಯಾದವರ ಅಂಗಡಿ, ಊರಿಗೆ ಪಾರ್ಸೆಲ್ ಕಳಿಸುವ ಆಫೀಸು, ಮಧ್ಯೆ ಮಧ್ಯೆ ಉಜ್ಬೇಕ್ ಹೋಟೆಲುಗಳು. ಮೂರು ತಿಂಗಳ ಆನ್‌ಸೈಟ್ ಮೇಲೆ ಹೋಗಿದ್ದಾಗ ಒಂದು ಶುಕ್ರವಾರ ಸಂಜೆ ನಮ್ಮ ಟೀಮು ಅಲ್ಲಿಗೆ ಊಟಕ್ಕೆ ಹೋಗಿತ್ತು. ಬೆಂಗಳೂರಿನಿಂದ ಹೋದ ನಾವು ನಾಲ್ಕು ಜನ, ಕ್ಲೈಂಟ್ ಕಡೆಯವರು ಇಬ್ಬರು.

ಪ್ಲೋವ್ ಬಂತು. ನಮ್ಮ ದರ್ಶಿನಿ ಪಲಾವಿನ ಹೆಸರೂ ಇದರ ಹೆಸರೂ ಒಂದೇ ಬೇರಿನವು, ಆದರೆ ಗತ್ತು ಬೇರೆ. ದೊಡ್ಡ ತಟ್ಟೆಯಲ್ಲಿ ಅನ್ನದ ಗುಡ್ಡ, ಮೇಲೆ ಕುರಿಮಾಂಸದ ತುಂಡು, ಉದ್ದುದ್ದ ಸೀಳಿದ ಕ್ಯಾರೆಟ್ಟು, ಕಡಲೆಕಾಳು, ಒಣದ್ರಾಕ್ಷಿ, ಜೀರಿಗೆ ವಾಸನೆ, ನಡುವೆ ಸಿಪ್ಪೆ ಸಮೇತ ಬೆಂದ ಇಡೀ ಬೆಳ್ಳುಳ್ಳಿ ಗಡ್ಡೆ. ಪಕ್ಕದಲ್ಲಿ 'ನೋನ್' ಅನ್ನುವ ದಪ್ಪ ದುಂಡನೆ ರೊಟ್ಟಿ. ನಮ್ಮ ಹುಡುಗನೊಬ್ಬ ಫೋಟೋ ತೆಗೆಯುವ ಭರದಲ್ಲಿ ರೊಟ್ಟಿಯನ್ನು ಮಗುಚಿ ಇಟ್ಟ. ಬಡಿಸುತ್ತಿದ್ದ ನಡುವಯಸ್ಸಿನ ಹೆಂಗಸು ಏನೂ ಮಾತಾಡದೆ ಅದನ್ನು ಎತ್ತಿ ಸರಿಯಾಗಿ ಇಟ್ಟು ಹೋದಳು. ರೊಟ್ಟಿಯನ್ನು ಬೋರಲು ಹಾಕೋದು ಅವರಲ್ಲಿ ಅನ್ನಕ್ಕೆ ಮಾಡುವ ಅವಮಾನವಂತೆ. ಚಹಾ ಬಂದಾಗ ಬಟ್ಟಲಿಗೆ ಅರ್ಧವೂ ಹಾಕಲಿಲ್ಲ. ಜಿಪುಣತನ ಅಂದುಕೊಂಡೆವು. ಅದೂ ಮರ್ಯಾದೆಯೇ ಅಂತ ಆಮೇಲೆ ಗೊತ್ತಾಯಿತು. ಸ್ವಲ್ಪ ಸ್ವಲ್ಪ ಹಾಕಿದರೆ ಮತ್ತೆ ಮತ್ತೆ ಬಂದು ವಿಚಾರಿಸಿಕೊಳ್ಳಬಹುದು, ಬಟ್ಟಲು ತುಂಬಿಸಿಬಿಟ್ಟರೆ 'ಕುಡಿದು ಹೊರಡಿ' ಅಂದ ಹಾಗೆ.

ಜೊತೆಗೆ ಓಡಾಡುತ್ತಿದ್ದ ಹುಡುಗನಿಗೆ ಒಂದಷ್ಟು ಇಂಗ್ಲಿಷ್ ಬರುತ್ತಿತ್ತು. ನಾವು ಇಂಡಿಯಾ ಅಂತ ಗೊತ್ತಾದ ಮೇಲೆ ನನ್ನ ಕಡೆ ತಿರುಗಿ ಕೇಳಿದ: “ಪ್ಲೋವ್ ನಮ್ಮ ಕಡೆ ಮದುವೆಗೂ ಬೇಕು, ಸಾವಿಗೂ ಬೇಕು. ನಿಮ್ಮೂರಲ್ಲಿ ಅಂಥದ್ದು ಯಾವುದು?”

ಅವನು ನಿಮ್ಮ ದೇಶದಲ್ಲಿ ಅಂತ ಕೇಳಲಿಲ್ಲ. ನಿಮ್ಮೂರಲ್ಲಿ ಅಂತ ಕೇಳಿದ.

ನಾನು “ಬಿರಿಯಾನಿ” ಅಂದುಬಿಟ್ಟೆ.

ನನ್ನೂರು ತಿಪಟೂರಿಗೂ ತುರುವೇಕೆರೆಗೂ ನಡುವೆ. ನಾನು ಪಿಯುಸಿ ಮುಗಿಸುವ ತನಕ ನಮ್ಮೂರಿನ ಯಾವ ಮದುವೆಯಲ್ಲೂ, ಯಾವ ತಿಥಿಯಲ್ಲೂ ಬಿರಿಯಾನಿ ಮಾಡಿದ್ದು ನಾನು ಕಂಡಿಲ್ಲ. ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಮುದ್ದೆ, ಕಾಯಿ ಅರೆದು ಹಾಕಿದ ಬಾಡಿನ ಸಾರು. ನೆಂಟರು ಬಂದರೆ ಒತ್ತು ಶಾವಿಗೆ, ಕಾಯಿಹಾಲು. ಅವರೆ ಸುಗ್ಗಿಯಲ್ಲಿ ಹಿತಕಿದ ಬೇಳೆ. ಮಳೆ ಹಿಡಿದರೆ ಹುರುಳಿ ಸಾರು. ಏನೂ ಇಲ್ಲದ ದಿನ ಉಪ್ಸಾರು. ಇಷ್ಟೆಲ್ಲ ತಿಂದು ಬೆಳೆದ ಬಾಯಿಗೆ ಆ ಹೊತ್ತಲ್ಲಿ ಬಂದ ಉತ್ತರ ಬಿರಿಯಾನಿ. ಮರೆತು ಹಾಗೆ ಅಂದಿದ್ದಲ್ಲ. 'ಮುದ್ದೆ' ಅಂದರೆ ಅದು ಏನು, ಹೇಗೆ, ಯಾಕೆ ನುಂಗಬೇಕು ಅಂತೆಲ್ಲ ವಿವರಿಸಬೇಕಲ್ಲ, ಆ ಮುಜುಗರ ಬೇಡ ಅಂತ ಅಂದಿದ್ದು. ಇವತ್ತಿನ ಜಗಳ ಆ ಮುಜುಗರದ ಜೊತೆ. ನನ್ನದರ ಜೊತೆ, ಓದುತ್ತಿರುವ ನಿಮ್ಮದರ ಜೊತೆ ಕೂಡ.

ಕೇಳಿದ ಹುಡುಗ ಯಾರು ಅಂತ ಮೊದಲು ಹೇಳುತ್ತೇನೆ. ಮುಖ ನೋಡಿದರೆ ಕೊರಿಯಾದವನು. ಮಾತು ರಷ್ಯನ್. ಹುಟ್ಟಿದ್ದು ತಾಷ್ಕೆಂಟಿನಲ್ಲಿ. ಅಂಥವರನ್ನು 'ಕೊರ್ಯೋ ಸರಾಮ್' ಅನ್ನುತ್ತಾರೆ. ರಷ್ಯಾದ ಪೂರ್ವದ ಅಂಚಿನಲ್ಲಿ, ವ್ಲಾದಿವೊಸ್ತೋಕ್ ಸುತ್ತಮುತ್ತ ನೆಲೆಸಿದ್ದ ಸುಮಾರು 1,70,000 ಕೊರಿಯನ್ನರನ್ನು 1937ರಲ್ಲಿ ಸ್ಟಾಲಿನ್ ಸರ್ಕಾರ ಗೂಡ್ಸ್ ರೈಲುಗಳಿಗೆ ತುಂಬಿ ಸಾವಿರಾರು ಕಿಲೋಮೀಟರ್ ದೂರದ ಕಜಕಸ್ತಾನ, ಉಜ್ಬೇಕಿಸ್ತಾನಗಳಿಗೆ ಸಾಗಿಸಿತು. ಜಪಾನಿನ ಗೂಢಚಾರರು ಆಗಿಬಿಡಬಹುದು ಅನ್ನೋದು ನೆಪ. ದಾರಿಯಲ್ಲೇ ಎಷ್ಟೋ ಜನ ಸತ್ತರು. ಉಳಿದವರನ್ನು ಗೊತ್ತಿಲ್ಲದ ಬಯಲಿನಲ್ಲಿ ಇಳಿಸಿದರು.

ಅಲ್ಲಿ ಕಿಮ್ಚಿ ಹಾಕೋಣ ಅಂದರೆ ಅದಕ್ಕೆ ಬೇಕಾದ ಕೋಸು ಸಿಗುತ್ತಿರಲಿಲ್ಲ. ಕ್ಯಾರೆಟ್ ಧಾರಾಳವಾಗಿತ್ತು. ಅದನ್ನೇ ಸಣ್ಣಗೆ ಉದ್ದಕ್ಕೆ ಹೆಚ್ಚಿ, ಬೆಳ್ಳುಳ್ಳಿ, ಒಣಮೆಣಸಿನ ಪುಡಿ, ಧನಿಯ, ವಿನೆಗರ್ ಹಾಕಿ, ಮೇಲೆ ಬಿಸಿ ಎಣ್ಣೆ ಸುರಿದು ಕಲಸಿದರು. ಅದಕ್ಕೆ 'ಮೊರ್ಕೊವ್ಚಾ' ಅಂತ ಹೆಸರು. ಇವತ್ತು ಉಜ್ಬೇಕಿಸ್ತಾನದ ಸಂತೆಗಳಲ್ಲಿ ಅದು ಮನೆಮಾತು, ರಷ್ಯಾದ ತುಂಬ ಅದನ್ನು ತಿನ್ನುತ್ತಾರೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಇವರ ಮಕ್ಕಳು, ಮೊಮ್ಮಕ್ಕಳು ಕೆಲಸ ಹುಡುಕಿಕೊಂಡು ಅಜ್ಜಂದಿರ ಕೊರಿಯಾಗೆ ವಾಪಸ್ ಬರತೊಡಗಿದರು. ಬಂದವರಲ್ಲಿ ಬಹಳ ಜನಕ್ಕೆ ಕೊರಿಯನ್ ಮಾತು ಹೋಗಿಬಿಟ್ಟಿತ್ತು. ಕ್ಯಾರೆಟ್ ಪಲ್ಯ ಹೋಗಿರಲಿಲ್ಲ. ಪ್ಲೋವ್ ಪಕ್ಕದಲ್ಲಿ ಆ ಹುಡುಗ ನಮಗೆ ಸಣ್ಣ ತಟ್ಟೆಯಲ್ಲಿ ಇಟ್ಟಿದ್ದು ಅದನ್ನೇ. “ಇದು ನಮ್ಮಜ್ಜಿದು” ಅಂದ. ಪ್ಲೋವ್ ಅವನನ್ನು ಸೇರಿಸಿಕೊಂಡ ನೆಲದ್ದು, ಕ್ಯಾರೆಟ್ಟು ಅವನ ಅಜ್ಜಿಯದ್ದು. ಎರಡನ್ನೂ ತನ್ನದು ಅಂತ ಹೇಳೋಕೆ ಅವನಿಗೆ ಒಂಚೂರೂ ಸಂಕೋಚ ಇರಲಿಲ್ಲ.

ಈಗ ನಮ್ಮ ಕತೆಗೆ ಬರೋಣ. ತಿಪಟೂರಿಂದ ಬೆಂಗಳೂರಿಗೆ 140 ಕಿಲೋಮೀಟರ್ ಆಸುಪಾಸು. ನಮ್ಮನ್ನು ಯಾರೂ ರೈಲಿಗೆ ತುಂಬಿ ಸಾಗಿಸಲಿಲ್ಲ. ನಾವೇ ಸ್ಟೇಷನ್ನಿಗೆ ಹೋಗಿ, ಟಿಕೆಟ್ ತಗೊಂಡು, ಸೀಟು ಹಿಡಿದು ಬಂದವರು. ಬೇಕಿದ್ದರೆ ವಾರ ವಾರ ಊರಿಗೆ ಹೋಗಬಹುದು. ರಾಗಿ, ಕಾಯಿ, ಅವರೆಕಾಳು, ಹುರುಳಿ ಎಲ್ಲ ಬೆಂಗಳೂರಿನಲ್ಲೂ ಸಿಗುತ್ತೆ. ಆದರೂ ಹದಿನೈದು ವರ್ಷಕ್ಕೇ ನಮ್ಮ ಅಡುಗೆಮನೆಯಿಂದ ಅವೆಲ್ಲ ಖಾಲಿ. ಅವರಿಗೆ ಗಡೀಪಾರು ಮಾಡಿ, ಹಸಿವಿಗೆ ದೂಡಿ, ಮಾತು ಕಿತ್ತುಕೊಂಡರೂ ಅಜ್ಜಿಯ ಕೈರುಚಿ ಎಂಬತ್ತು ವರ್ಷ ಉಳಿಯಿತು. ನಮಗೆ ಒಂದು ಆಫರ್ ಲೆಟರ್ ಸಾಕಾಯಿತು.

ನಾಲ್ಕು ವರ್ಷದ ಹಿಂದಿನ ಮಾತು. ಅವ್ವ, ಅಪ್ಪ ನನ್ನ ಫ್ಲಾಟಿಗೆ ಬಂದಿದ್ದರು. ಗೋಣಿಚೀಲದಲ್ಲಿ ಇಪ್ಪತ್ತು ಸುಲಿದ ಕಾಯಿ, ಡಬ್ಬಿ ತುಂಬ ರಾಗಿಹಿಟ್ಟು, ಹುರುಳಿ. ಆ ಶನಿವಾರ ನನ್ನ ಟೀಮ್ ಲೀಡು ಹೆಂಡತಿ ಜೊತೆ ಊಟಕ್ಕೆ ಬರೋರಿದ್ದರು. “ಹುರುಳಿ ಬಸಿದು ಸಾರು ಮಾಡಿ ನಾಕು ಮುದ್ದೆ ತೊಳಸ್ತೀನಿ ಕಣೋ” ಅಂದಳು ಅವ್ವ. ನಾನು “ಬ್ಯಾಡ ಕಣವ್ವ, ಅವರು ಅದನ್ನೆಲ್ಲ ತಿನ್ನಲ್ಲ, ಮನೆಯೆಲ್ಲ ವಾಸನೆ ಬರುತ್ತೆ, ಚಪಾತಿ ಮಾಡು, ಪನ್ನೀರ್ ನಾನು ತರಿಸ್ತೀನಿ” ಅಂದೆ. ಅವ್ವ ಎದುರು ಮಾತಾಡಲಿಲ್ಲ. ಚಪಾತಿ ಲಟ್ಟಿಸಿ ಕೊಟ್ಟಳು. ಬಂದವರು ಹೋದ ಮೇಲೆ ನೀರು ಕುಡಿಯೋಕೆ ಅಡುಗೆಮನೆಗೆ ಹೋದರೆ ಅವ್ವ, ಅಪ್ಪ ಇಬ್ಬರೂ ನೆಲದ ಮೇಲೆ ಕೂತು ಬೆಳಗಿನ ಸಾರಿಗೆ ಮುದ್ದೆ ಅದ್ದಿಕೊಂಡು ಉಣ್ಣುತ್ತಿದ್ದರು. ಸದ್ದು ಆಚೆ ಬರದ ಹಾಗೆ ಬಾಗಿಲು ಅರ್ಧ ಮುಂದೆ ಮಾಡಿಕೊಂಡಿದ್ದರು.

ಟೀಮ್ ಲೀಡು ಹಾಸನದ ಕಡೆಯವರು. ಮುದ್ದೆ ತಿಂದೇ ಬೆಳೆದವರು. ಇದು ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳಾದ ಮೇಲೆ. ಅವರ ಮನೆಗೆ ನಾವು ಹೋದಾಗ ಅವರೂ ನಮಗೆ ಚಪಾತಿ, ಪನ್ನೀರನ್ನೇ ಬಡಿಸಿದ್ದರು!

ನೋಡಿ, ಹೀಗೆ ನಾವು ಒಬ್ಬರಿಗೊಬ್ಬರು ಹೆದರಿಕೊಂಡು ಯಾರಿಗೂ ಬೇಡದ ಪನ್ನೀರು ತಿಂದುಕೊಂಡು ಬದುಕುತ್ತಿದ್ದೀವಿ. ಅದೇ ಜನ ಸೋಲ್‌ಗೋ ದುಬೈಗೋ ಹೋದರೆ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಅಡುಗೆಗೆ ತಲೆಬಾಗಿ ಕೂರುತ್ತೀವಿ. “ಆಥೆಂಟಿಕ್ ಗುರು, ಲೋಕಲ್ ಜನ ಹೆಂಗೆ ತಿಂತಾರೋ ಹಂಗೇ ತಿನ್ನಬೇಕು” ಅಂತ ಪ್ಲೋವನ್ನು ಕೈಯಲ್ಲೇ ತಿನ್ನುತ್ತೀವಿ. ಬೆಂಗಳೂರಿನ ಮದುವೆ ಊಟದಲ್ಲಿ ಅದೇ ಕೈಗೆ ಸ್ಪೂನು ಬೇಕು.

ಉಜ್ಬೇಕರು ತಮ್ಮ ಪ್ಲೋವನ್ನು ಹೇಗೆ ಇಟ್ಟುಕೊಂಡಿದ್ದಾರೆ ಅಂತ ಆ ರಾತ್ರಿ ರೂಮಿಗೆ ಬಂದು ಓದಿದೆ. ಅವರಿಗೆ ಪ್ಲೋವ್ ಅಂದರೆ ಒಂದೇ ಅಲ್ಲ. ಸಮರ್ಕಂದದವರು ಮಾಂಸ, ಕ್ಯಾರೆಟ್ಟು, ಅನ್ನವನ್ನು ಕಲಸದೆ ಪದರ ಪದರವಾಗಿ ಬಡಿಸುತ್ತಾರೆ. ಫರ್ಗಾನಾ ಕಡೆಯವರು ಕಲಸುತ್ತಾರೆ, ಬಣ್ಣ ಗಾಢ. ಅದಕ್ಕೆ 'ದೇವ್ಜಿರಾ' ಅನ್ನುವ ಕೆಂಪು ಛಾಯೆಯ ಅಕ್ಕಿಯೇ ಆಗಬೇಕು, ಅದೂ ಆ ಕಣಿವೆಯದ್ದೇ. ಮದುವೆ ದಿನ ಬೆಳಗಿನ ಜಾವಕ್ಕೇ ದೊಡ್ಡ ಕಡಾಯಿಗಳಲ್ಲಿ ಪ್ಲೋವ್ ಮಾಡಿ ನೂರಾರು ಜನಕ್ಕೆ ಬಡಿಸುವ ಪದ್ಧತಿ ಇದೆ. 2016ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಉಜ್ಬೇಕಿಸ್ತಾನದ ಪಲೋವ್ ಸಂಸ್ಕೃತಿಯನ್ನು ಸೇರಿಸಿತು. ಪಕ್ಕದ ತಜಿಕಿಸ್ತಾನ ಸುಮ್ಮನಿರುತ್ತಾ? ಅದೇ ವರ್ಷ ಅವರ 'ಓಶಿ ಪಲಾವ್' ಕೂಡ ಪಟ್ಟಿಗೆ ಬಂತು.

ಇದು ಅವರ ಹಳೇ ಗುಣ. ಫರ್ಗಾನಾ ಕಣಿವೆಯ ಅಂದಿಜಾನಿನಲ್ಲಿ ಹುಟ್ಟಿದ ಬಾಬರ್ ಇಲ್ಲಿಗೆ ಬಂದು ದಿಲ್ಲಿ ಗದ್ದುಗೆ ಏರಿದ ಮೇಲೂ ಆತ್ಮಕಥೆಯಲ್ಲಿ ದೂರಿದ್ದು ಏನು? ಹಿಂದೂಸ್ತಾನದಲ್ಲಿ ಒಳ್ಳೆಯ ಕರಬೂಜ ಇಲ್ಲ, ದ್ರಾಕ್ಷಿ ಇಲ್ಲ ಅಂತ. ಕಾಬೂಲಿನಿಂದ ಬಂದ ಕರಬೂಜ ಕೊಯ್ದು ತಿನ್ನುವಾಗ ಕಣ್ಣೀರು ಬಂತು ಅಂತ ನಾಚಿಕೆಯಿಲ್ಲದೆ ಬರೆದುಕೊಂಡ. ಅವನು ಒಳ್ಳೆಯವನೋ ಕೆಟ್ಟವನೋ ಅನ್ನುವ ಟೀವಿ ಜಗಳ ನನಗೆ ಬೇಡ. ಒಬ್ಬ ಬಾದಶಹನಿಗೆ ತನ್ನೂರಿನ ಹಣ್ಣಿಗಾಗಿ ಅಳೋದು ಅವಮಾನ ಅನ್ನಿಸಲಿಲ್ಲ. ಸೀನಿಯರ್ ಸಾಫ್ಟ್‌ವೇರ್ ಎಂಜಿನಿಯರ್‌ಗೆ ತನ್ನೂರಿನ ಮುದ್ದೆ ಹೆಸರು ಹೇಳೋದು ಅವಮಾನ ಅನ್ನಿಸುತ್ತೆ.

ದೇವ್ಜಿರಾ ಅಕ್ಕಿ ಬಗ್ಗೆ ನನ್ನ ಸಹೋದ್ಯೋಗಿ ಅರ್ಧ ಗಂಟೆ ಮಾತಾಡಬಲ್ಲ. 'ತಿಪಟೂರು ಟಾಲ್' ಅಂದರೆ ಏನು ಕೇಳಿ ನೋಡಿ, ಬಟ್ಟೆ ಅಂಗಡಿಯ ಅಳತೆ ಅಂದುಕೊಳ್ಳುತ್ತಾನೆ. ಅದು ನಮ್ಮ ಸೀಮೆಯ ಎತ್ತರದ ತೆಂಗಿನ ತಳಿಯ ಹೆಸರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನ ಹೊಟ್ಟೆ ತುಂಬಿಸಿದ್ದು ಅದು. ನನ್ನ ಬಿಇ ಫೀಸು ಕಟ್ಟಿದ್ದೂ ಅದೇ.

ಇಲ್ಲಿಯವರೆಗೆ ಮಾತು ಬಾಯಿರುಚಿಯದ್ದು. ಇನ್ನು ಮುಂದೆ ದುಡ್ಡಿನದ್ದು. ನಿಜವಾದ ಜಗಳ ಇರೋದು ಅಲ್ಲೇ.

ನಮ್ಮ ಕಡೆ ಉಂಡೆ ಕೊಬ್ಬರಿ ಹೇಗೆ ಆಗುತ್ತೆ ಗೊತ್ತಾ? ಹೊಂಬಾಳೆ ಒಡೆದು ಕಾಯಿ ಬಲಿಯೋಕೆ ಹತ್ತಿರ ಹತ್ತಿರ ಒಂದು ವರ್ಷ. ಬಲಿತ ಕಾಯನ್ನು ಕೆಡವಿ, ಆಯ್ದು, ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಬೇಕು. ಅಲ್ಲಿ ಎಂಟರಿಂದ ಹನ್ನೆರಡು ತಿಂಗಳು ಸುಮ್ಮನೆ ಇರಬೇಕು. ಒಳಗಿನ ನೀರೆಲ್ಲ ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಮೇಲೆ ಮಟ್ಟೆ ಸುಲಿದು, ಕರಟ ಒಡೆದು, ಗಿಟುಕು ಒಡೆಯದ ಹಾಗೆ ಬಿಡಿಸಬೇಕು. ಬಿಸಿಲಿಗೆ ಹಾಕಿ ಒಣಗಿಸುವ ಹೋಳು ಕೊಬ್ಬರಿ ಕೆಲಸ ಇದಲ್ಲ. ಹೊಂಬಾಳೆಯಿಂದ ತಿಪಟೂರಿನ ಮಾರುಕಟ್ಟೆಗೆ ಎರಡು ವರ್ಷದ ದಾರಿ. ಈ ಎರಡು ವರ್ಷದಲ್ಲಿ ನುಸಿ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ, ಬತ್ತಿದ ಬೋರ್‌ವೆಲ್ಲು, ಸಿಗದ ಆಳು ಎಲ್ಲ ದಾಟಬೇಕು. ಗಾತ್ರ ನೋಡಿಕೊಂಡು ಒಂದು ಕ್ವಿಂಟಾಲ್ ಕೊಬ್ಬರಿಗೆ ಆರುನೂರೈವತ್ತರಿಂದ ಎಂಟುನೂರು ಕಾಯಿ ಬೇಕು.

2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ದರ ಎಂಟು ಸಾವಿರದ ಆಸುಪಾಸಿಗೆ ಕುಸಿದಿತ್ತು. ಲೆಕ್ಕ ಹಾಕಿ: ಎರಡು ವರ್ಷ ಕಾದ ಒಂದು ಕಾಯಿಗೆ ಹತ್ತರಿಂದ ಹನ್ನೆರಡು ರೂಪಾಯಿ. ಅದರಲ್ಲಿ ಕೆಡವಿದವರ ಕೂಲಿ, ಸುಲಿದವರ ಕೂಲಿ, ಗಾಡಿ ಬಾಡಿಗೆ, ಗೊಬ್ಬರ ಎಲ್ಲ ಕಳೀಬೇಕು. ರೈತರು ಧರಣಿ ಕೂತರು. 2024ರ ಸಾಲಿಗೆ ಬೆಂಬಲ ಬೆಲೆ 12,000 ಆಯಿತು. ಖರೀದಿಯ ನೋಂದಣಿಗೆ ಜನ ಸಾಲುಗಟ್ಟಿ ನಿಂತರು, ಆ ಸಾಲಲ್ಲಿ ನನ್ನಪ್ಪನೂ ಇದ್ದ. ಆಗ ನಾವೆಲ್ಲಿದ್ದೆವು? ಬೆಂಗಳೂರಿನಲ್ಲಿ, ಎಸಿ ಕೆಳಗೆ. ನನ್ನ ಆಫೀಸಿನಲ್ಲಿ ತುಮಕೂರು ಜಿಲ್ಲೆಯವರೇ ಹನ್ನೊಂದು ಜನ ಇದ್ದೀವಿ. ಒಂದು ದಿನವೂ ಕ್ಯಾಂಟೀನಿನಲ್ಲಿ ಕೊಬ್ಬರಿ ರೇಟಿನ ಮಾತು ಬರಲಿಲ್ಲ. ನಾನೂ ಎತ್ತಲಿಲ್ಲ.

ಅದೇ 2023 ವಿಶ್ವಸಂಸ್ಥೆ ಸಾರಿದ ಸಿರಿಧಾನ್ಯ ವರ್ಷ. ರಾಗಿ ಆಗ 'ಮಿಲೆಟ್' ಆಗಿ, ಕುಕ್ಕಿ ಆಗಿ, ಬಣ್ಣದ ಪೊಟ್ಟಣದಲ್ಲಿ ನಮ್ಮ ಆಫೀಸಿನ ಒಳಗೆ ಬಂತು. ನಾವು ತಿಂದೆವು. ರಾಗಿ ಮುದ್ದೆ ಮಾತ್ರ ಬಾಗಿಲ ಆಚೆಯೇ ಉಳಿಯಿತು.

ಆಮೇಲೆ 2025 ಬಂತು. ಬರ ಬಿದ್ದ ವರ್ಷದ ಏಟು ತೆಂಗಿನ ಮೇಲೆ ತಡವಾಗಿ ಕಾಣುತ್ತೆ. ಫಸಲು ಕಮ್ಮಿ, ಹುಳುವಿನ ಕಾಟ, ಎಷ್ಟೋ ತೋಟದವರು ಕೊಬ್ಬರಿಗೆ ಬಿಡದೆ ಎಳನೀರಿಗೇ ಕೊಯ್ಸಿಬಿಟ್ಟಿದ್ದರು. ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಾಲಿಗೆ ಇಪ್ಪತ್ತು ಸಾವಿರ ದಾಟಿತು. ಬೆಂಗಳೂರಿನಲ್ಲಿ ಕಾಯಿ ಒಂದಕ್ಕೆ ಅರವತ್ತು, ಎಪ್ಪತ್ತು ರೂಪಾಯಿ. ಆಗ ನೋಡಬೇಕಿತ್ತು ನಮ್ಮ ಅಪಾರ್ಟ್‌ಮೆಂಟಿನ ಗ್ರೂಪು! “ಲೂಟಿ”, “ಹಗಲು ದರೋಡೆ”, “ಸರ್ಕಾರ ಏನ್ ಮಾಡ್ತಿದೆ”, “ಇನ್ಮೇಲೆ ಕಾಯಿ ಬಾಯ್ಕಾಟ್ ಮಾಡೋಣ”. ಹಾಗಂದವರಲ್ಲಿ ಅರ್ಧ ಜನ ನನ್ನಂಥವರೇ, ಊರಲ್ಲಿ ತೋಟ ಇರೋರು. ಎರಡು ವರ್ಷದ ಹಿಂದೆ ಅದೇ ಕಾಯಿ ಬೆಳೆದವನ ಕೈಗೆ ಹನ್ನೆರಡು ರೂಪಾಯಿ ಸಿಕ್ಕಾಗ ಗ್ರೂಪಿನಲ್ಲಿ ಒಂದು ಕಣ್ಣೀರಿನ ಇಮೋಜಿಯೂ ಬಿದ್ದಿರಲಿಲ್ಲ. ಇನ್ನೊಂದು ಮಾತು. ಈ ದರ ಬಂದಾಗ ಅಟ್ಟದಲ್ಲಿ ಮಾಲು ಇದ್ದವನಿಗೆ ಲಾಭ ಆಯಿತು. ಹಿಂದಿನ ವರ್ಷ ಸಾಲ ತೀರಿಸೋಕೆ ಬಂದ ಬೆಲೆಗೆ ಮಾರಿಕೊಂಡವನ ಅಟ್ಟ ಖಾಲಿ ಇತ್ತು. ನಮ್ಮ ಮನೆಯ ಅಟ್ಟವೂ ಮುಕ್ಕಾಲು ಖಾಲಿಯೇ.

ಆ ಉಜ್ಬೇಕ್ ಹೋಟೆಲಿನಲ್ಲಿ ಒಂದು ತಟ್ಟೆ ಪ್ಲೋವ್ ನಮ್ಮ ಲೆಕ್ಕದಲ್ಲಿ ಎಂಟುನೂರು ರೂಪಾಯಿ ಚಿಲ್ಲರೆ ಆಯಿತು. ಚಹಾ, ರೊಟ್ಟಿ, ಕಬಾಬು ಬೇರೆ. ಯಾರೂ ಲೂಟಿ ಅನ್ನಲಿಲ್ಲ. “ವರ್ತ್ ಇದೆ” ಅಂದೆವು. ಹೌದು, ಇತ್ತು. ಆ ಹೆಂಗಸಿನ ದುಡಿಮೆಗೆ ಆ ಬೆಲೆ ಸರಿಯಾದದ್ದೇ, ಇನ್ನೂ ಕೊಡಬಹುದಿತ್ತು. ನನ್ನ ತಕರಾರು ಪ್ಲೋವಿನ ಬೆಲೆ ಮೇಲಲ್ಲ. ಅವಳ ಕ್ಯಾರೆಟ್ಟಿಗೆ ಬೆಲೆ ಇದೆ ಅಂತ ಒಪ್ಪುವ ನಾವು ನಮ್ಮವ್ವ ಸುಲಿದ ಕಾಯಿಗೆ ಬೆಲೆ ಇದೆ ಅಂತ ಯಾಕೆ ಒಪ್ಪಲ್ಲ? ನಾವು ಯಾವುದನ್ನು ಮರ್ಯಾದಸ್ಥರ ಊಟ ಅಂತ ಎಣಿಸಲ್ಲವೋ ಅದನ್ನು ಬೆಳೆದವನಿಗೆ ಬೆಲೆ ಕೊಡಿಸಿ ಅಂತ ಯಾವತ್ತೂ ಕೇಳಲ್ಲ. ಮುಜುಗರದಿಂದ ಹೋಗೋದು ಬರೀ ರುಚಿಯಲ್ಲ, ಬೆಲೆಯೂ ಹೋಗುತ್ತೆ.

ಇಷ್ಟು ಓದಿದ ಮೇಲೆ ನಿಮ್ಮ ತಕರಾರು ಶುರುವಾಗಿರುತ್ತೆ. ಒಂದೊಂದಾಗಿ ಬರಲಿ.

“ಕಾಯಲ್ಲಿ ಕೊಲೆಸ್ಟ್ರಾಲ್ ಇದೆ.” ಇಲ್ಲ. ಗಿಡದಿಂದ ಬಂದ ಆಹಾರದಲ್ಲಿ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರಲ್ಲ. ಸ್ಯಾಚುರೇಟೆಡ್ ಕೊಬ್ಬು ಇದೆ, ಜಾಸ್ತಿಯೇ ಇದೆ. ಹೃದಯದ ತೊಂದರೆ ಇರೋರು ಡಾಕ್ಟರ್ ಮಾತು ಕೇಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೇ ಪದ್ಧತಿಯ ಪ್ಲೋವಿಗೆ ಕುರಿಯ ಬಾಲದ ಕೊಬ್ಬನ್ನೇ ಕರಗಿಸಿ ಹಾಕುತ್ತಾರೆ. ಅವತ್ತು ನೀವು ಲಿಪಿಡ್ ಪ್ರೊಫೈಲ್ ಮಾತು ಎತ್ತಲಿಲ್ಲವಲ್ಲ?

“ಟೈಮ್ ಇಲ್ಲ.” ಮುದ್ದೆ ತೊಳಸೋಕೆ ಇಪ್ಪತ್ತು ನಿಮಿಷ ಸಾಕು. ಪಾರ್ಸೆಲ್ ಹುಡುಗ ಗೇಟಿಗೆ ಬರೋಕೆ ಮೂವತ್ತೈದು ನಿಮಿಷ ಬೇಕು.

“ಊಟ ಬದಲಾಗುತ್ತಲೇ ಇರುತ್ತೆ, ಅದಕ್ಕೆ ಯಾಕಿಷ್ಟು ರಾದ್ಧಾಂತ?” ಬದಲಾಗಲಿ ಸ್ವಾಮಿ. ಕೋಸು ಸಿಗದೆ ಕ್ಯಾರೆಟ್ ಹಿಡಿದವರ ಕತೆಯನ್ನೇ ಹೇಳಿದೆನಲ್ಲ. ಬದಲಾಯಿಸಿಕೊಂಡಿದ್ದಕ್ಕೇ ಅದು ಉಳಿಯಿತು. ನಾವು ಬದಲಾಯಿಸಲಿಲ್ಲ, ಬಚ್ಚಿಟ್ಟೆವು. ಬಾಗಿಲು ಅರ್ಧ ಮುಂದೆ ಮಾಡಿಕೊಂಡು ಉಂಡಿದ್ದು ಬದಲಾವಣೆ ಅಲ್ಲ.

“ಊರಿನ ಊಟ ಅಂತ ಹೊಗಳ್ತೀರಲ್ಲ, ಅಲ್ಲಿ ಯಾರನ್ನ ಪಂಕ್ತಿಯಲ್ಲಿ ಕೂರಿಸ್ತಿದ್ರು, ಯಾರನ್ನ ಅಂಗಳದಲ್ಲಿ ಕೂರಿಸ್ತಿದ್ರು? ಮುದ್ದೆ ತೊಳಸಿ ಸೊಂಟ ಮುರಕೊಂಡೋರು ಯಾರು?” ಈ ಮಾತಿಗೆ ಮಾತ್ರ ನನ್ನಲ್ಲಿ ಎದುರುತ್ತರ ಇಲ್ಲ, ಯಾಕೆಂದರೆ ಇದು ಸತ್ಯ. ನಮ್ಮ ತೋಟದಲ್ಲಿ ಕಾಯಿ ಕೆಡವಿದವರಿಗೆ ನಮ್ಮ ಜಗಲಿಯ ಕೆಳಗೆ ಬಡಿಸಿದ್ದನ್ನು ನಾನೇ ನೋಡಿದ್ದೀನಿ. ಅವ್ವ ಒರಳಿನ ಮುಂದೆ ಕಳೆದ ಗಂಟೆಗಳಿಗೆ ಲೆಕ್ಕ ಇಟ್ಟವರಿಲ್ಲ. ಅದಕ್ಕೇ ನಾನು 'ಅವ್ವನ ಕೈರುಚಿ' ಅಂತ ಕಣ್ಣೀರು ಹಾಕೋ ಗುಂಪಿಗೆ ಸೇರಲ್ಲ. ಅಡುಗೆ ಉಳೀಬೇಕು ಅಂದರೆ ಕೋಲು ಹಿಡಿದು ಮುದ್ದೆ ತೊಳಸುವ ಕೈ ಈಗ ನನ್ನದಾಗಬೇಕು, ಬಡಿಸುವಾಗ ಎಲ್ಲರೂ ಒಂದೇ ಟೇಬಲ್ಲಿಗೆ ಕೂರಬೇಕು. ಊರಿನ ಜಗಲಿಯಲ್ಲಿ ಆಗದ್ದನ್ನು ನನ್ನ ಫ್ಲಾಟಿನಲ್ಲಿ ಮಾಡೋಕೆ ನನ್ನನ್ನು ತಡೆಯೋರು ಯಾರೂ ಇಲ್ಲ.

“ಮುದ್ದೆ ಹೋಟೆಲು ಬೇಕಾದಷ್ಟಿವೆ, ಮಿಲಿಟರಿ ಹೋಟೆಲ್ ಮುಂದೆ ಕ್ಯೂ ಇರುತ್ತೆ.” ಇರುತ್ತೆ, ನಾನೂ ನಿಲ್ಲುತ್ತೀನಿ. ಆದರೆ ಅಲ್ಲಿಗೆ ನಾವು ಗೆಳೆಯರ ಜೊತೆ ಹೋಗುತ್ತೀವಿ, ಕ್ಲೈಂಟನ್ನು ಕರೆದುಕೊಂಡು ಹೋಗಲ್ಲ. ಆ ಉಜ್ಬೇಕ್ ಹೋಟೆಲಿಗೆ ನಮ್ಮನ್ನು ಕರೆದುಕೊಂಡು ಹೋದದ್ದು ಕ್ಲೈಂಟ್ ಕಡೆಯ ಕೊರಿಯನ್ನರು. ಬೆಂಗಳೂರಿಗೆ ಅವರು ಬಂದಾಗ ನಾವು ಎಲ್ಲಿಗೆ ಕರೆದುಕೊಂಡು ಹೋಗಿದ್ದೆವು ಅಂತ ಕೇಳಬೇಡಿ. ಬಟರ್ ಚಿಕನ್, ನಾನ್.

ವಾಪಸ್ ಬಂದು ಎರಡನೇ ವಾರ ಆಫೀಸಿನವರು ಆರು ಜನರನ್ನು ಊಟಕ್ಕೆ ಕರೆದೆ. ಟೀಮ್ ಲೀಡು ಹಾಸನದವರೂ ಬರೋರಿದ್ದರು. ಬೆಳಗ್ಗೆ ಹುರುಳಿ ಬೇಯಿಸಿಟ್ಟು ಅವ್ವನಿಗೆ ಫೋನ್ ಮಾಡಿದೆ.

“ಅವ್ವ, ಹುರುಳಿ ಸಾರಿಗೆ ಕಾಯಿ ಎಷ್ಟು ಅರೀಲಿ?”

“ಎಷ್ಟ್ ಜನಕ್ಕೋ?”

“ಎಂಟು.”

“ಒಂದೂವರೆ ಹೋಳು ಸಾಕು. ಕಟ್ಟು ಚೆಲ್ಲಬ್ಯಾಡ, ಅದ್ರಲ್ಲೇ ರುಚಿ ಇರೋದು. ಯಾರ್ ಬತ್ತವ್ರೆ?”

“ಆಫೀಸ್ನೋರು.”

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು:

“ಮತ್ತೆ ಚಪಾತಿ ಮಾಡಲ್ವೇನೋ?”

ನಾಲ್ಕು ವರ್ಷದ ಹಿಂದೆ ನಾನು ಆಡಿದ ಮಾತು ಅವಳ ಹತ್ತಿರ ಹಾಗೇ ಇತ್ತು. ನಾಚಿಕೆ ನಮ್ಮಲ್ಲೇ ಉಳಿಯಲ್ಲ, ನಮ್ಮನ್ನು ಸಾಕಿದವರಿಗೂ ಅಂಟಿಸಿಬಿಡುತ್ತೀವಿ. ಮುದ್ದೆಯಲ್ಲಿ ಅವತ್ತು ನಾಲ್ಕು ಕಡೆ ಗಂಟು ಉಳಿದಿತ್ತು. ಬಂದವರು ಪಕ್ಕಕ್ಕೆ ತೆಗೆದಿಟ್ಟು ಉಂಡರು. ಹಾಸನದವರು ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು.

ಹಾಗಾಗಿ ಕೇಳಿಕೊಳ್ಳೋದು ಇಷ್ಟೇ. ಈ ತಿಂಗಳು ಒಂದು ದಿನ, ನಿಮ್ಮೂರು ಯಾವುದೇ ಇರಲಿ, ನಿಮ್ಮ ಆಫೀಸಿನವರಿಗೆ ನಿಮ್ಮೂರಿನ ಊಟ ನೀವೇ ಮಾಡಿ ಬಡಿಸಿ. ಮಾರ್ಕೆಟ್ಟಿನಲ್ಲಿ ಕಾಯಿ ರೇಟು ಕೇಳಿ ಬೈಯೋ ಮುಂಚೆ ಊರಿಗೆ ಒಂದು ಫೋನ್ ಮಾಡಿ, ಅಲ್ಲಿ ರೈತನಿಗೆ ಎಷ್ಟು ಸಿಕ್ಕಿತು ಕೇಳಿ. ಕಮ್ಮಿ ಸಿಕ್ಕಿದ್ದರೆ ಆವಾಗ ಗ್ರೂಪಿನಲ್ಲಿ ಕೂಗಾಡಿ, ನಾನೂ ದನಿ ಸೇರಿಸ್ತೀನಿ. ಮುಂದಿನ ಸಲ ಯಾವುದೋ ದೇಶದ ಗಲ್ಲಿಯಲ್ಲಿ, ಯಾರೋ ಬಡಿಸುವವರು “ನಿಮ್ಮೂರಲ್ಲಿ ಏನು?” ಅಂತ ಕೇಳಿದರೆ ಊರಿನ ಹೆಸರಿಂದಲೇ ಶುರು ಮಾಡಿ. ನನ್ನ ಉತ್ತರ ಈಗ ಸಿದ್ಧ ಇದೆ: ತಿಪಟೂರು, ಮುದ್ದೆ, ಕಾಯಿ ಅರೆದ ಹುರುಳಿ ಸಾರು.